ಬೋರನ ಇಪ್ಪತ್ತೊಂದು ದಿನ

ಗುಂಡ್ಲುಪೇಟೆಯ ಪಶು ಆಸ್ಪತ್ರೆಯಲ್ಲಿ ಸಿರಿಂಜ್ ಹಿಡಿದು ಎದುರಿಗೆ ಬಂದವನನ್ನು ಕಂಡು ಶಶಿರೇಖಾ ಬಾಗಿಲಲ್ಲೇ ನಿಂತುಬಿಟ್ಟಳು...

ನಾಗೇಂದ್ರ! ಮೂರು ವರ್ಷದ ಹಿಂದೆ ಹೆಣ್ಣು ಕೇಳಲು ಬರುತ್ತೇನೆಂದು ಹೇಳಿ, ಬಾರದೇ ಹೋದವನು.

ಅವಳ ನಾಯಿ ಬೋರನಿಗೆ ಆ ಕೋಪವೆಲ್ಲ ಎಲ್ಲಿ ಗೊತ್ತು? ಮರಿಯಾಗಿದ್ದಾಗ ತನ್ನನ್ನು ತಂದುಕೊಟ್ಟವನ ಮೈಮೇಲೆ ಹಾರಿ ಕೈ ನೆಕ್ಕತೊಡಗಿತು.

ನಾಚಿಕೆಗೆಟ್ಟದ್ದು, ಎಂದುಕೊಂಡಳು.

"ಕೇರಳದ ಕಲ್ಪೆಟ್ಟದಲ್ಲಿ ನರ್ಸ್ ಕೆಲ್ಸ ಸಿಕ್ಕದೆ. ಸೋಮವಾರ ಸೇರ್ಕಬೇಕು. ಗಡಿ ದಾಟ್ಸಕೆ ಇವನಿಗೊಂದು ಸರ್ಟಿಫಿಕೇಟ್ ಬೇಕು, ಡಾಕ್ಟ್ರೇ."

ಅವನು ಡಾಕ್ಟರಲ್ಲ, ದನಕರುಗಳಿಗೆ ಸೂಜಿ ಹಾಕುವ ಇನ್ಸ್‌ಪೆಕ್ಟರ್ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೋಯಲಿ ಎಂದೇ ಹಾಗಂದಳು.

"ರೇಬಿಸ್ ಸೂಜಿ ಯಾವಾಗ ಹಾಕ್ಸಿದ್ದೆ?"

ಅವಳು ತುಟಿ ಕಚ್ಚಿದಳು. ಅವಳ ಊರಾದ ಹರವೆಯ ಮನೆಗೇ ಬಂದು ಸೂಜಿ ಹಾಕುತ್ತಿದ್ದವನು ಇವನೇ. ಇವನು ಬರುವುದು ನಿಂತ ಮೇಲೆ, ಆ ಸಿಟ್ಟಿಗೆ ಅವಳು ಪಶು ಆಸ್ಪತ್ರೆಯ ಕಡೆ ತಲೆಯೇ ಹಾಕಿರಲಿಲ್ಲ.

"ಇವತ್ತು ಹಾಕುದ್ರೆ ಇಪ್ಪತ್ತೊಂದು ದಿನ ಕಾಯ್ಬೇಕು. ಆಮೇಲೇನೆ ಡಾಕ್ಟ್ರು ಸೈನ್ ಹಾಕದು."

"ಹಿಂದಿನ ತಾರೀಕು ಬರ್ದುಬುಡು. ಮಾತು ತಪ್ಪದು ನಿನಗೇನು ಹೊಸದಾ?"

ಅವನ ಮುಖ ಕಪ್ಪಿಟ್ಟಿತು.

"ಅದೊಂದು ಆಗಕಿಲ್ಲ ಶಶಿ. ಒಂದು ಸುಳ್ಳು ಹೇಳಿ ಅನುಭವಿಸಿದ್ದು ಸಾಕು."

"ಯಾವ ಸುಳ್ಳು?"

"ಮನೆದೇವ್ರ ಹೂ ಎಡಕ್ಕೆ ಬಿತ್ತು, ಈ ಸಂಬಂಧ ದೇವ್ರಿಗೆ ಒಪ್ಗೆ ಇಲ್ಲ ಅಂತ ಹೇಳಿ ಕಳಿಸ್ದೆನಲ್ಲ... ಹೂ ಬಲಕ್ಕೇ ಬಿದ್ದಿತ್ತು ಕಣ. ಆಗ ನನ್ ಕೆಲ್ಸ ಪರ್ಮನೆಂಟ್ ಆಗಿರ್ನಿಲ್ಲ. ನಿಮ್ಮಪ್ಪ ಕೇಳುದ್ರೆ ಏನ್ ಹೇಳದು ಅಂತ ಎದ್ರುಕೊಬುಟ್ಟೆ."

ದೇವರೇ ಬೇಡವೆಂದ ಹೆಣ್ಣು! ಊರವರು ಮೂರು ವರ್ಷ ಹಾಗೇ ಆಡಿಕೊಂಡಿದ್ದರು. ಆಮೇಲೆ ಬಂದ ಎರಡು ಸಂಬಂಧಗಳೂ ಅದೇ ಮಾತಿಗೆ ಮುರಿದಿದ್ದವು. ನನ್ನಲ್ಲೇನು ಕೊರತೆ ಎಂದು ಅದೇ ದೇವರ ಮುಂದೆ ನಿಂತು ಎಷ್ಟು ಅತ್ತಿದ್ದಳು...

ಬೋರನ ಹಗ್ಗವನ್ನು ಅವನ ಕೈಗೆ ತುರುಕಿದಳು.

"ಸೂಜಿ ಹಾಕು. ಇಪ್ಪತ್ತೊಂದು ದಿನ ನೀನೇ ನೋಡ್ಕೊ. ರಾತ್ರಿಗೆ ಮೊಸರನ್ನ ಇಕ್ಬೇಕು ಅವನಿಗೆ."

ಹಿಂದಿರುಗಿ ನೋಡದೆ ಹೊರಟಳು. ಬೋರ ಕೂಗುತ್ತಲೇ ಇತ್ತು.

ಇಪ್ಪತ್ತೆರಡನೆಯ ದಿನ ಅವಳು ಕಲ್ಪೆಟ್ಟದಿಂದ ಬಂದಾಗ ಬೋರನ ಮೈ ಮಿರಮಿರ ಮಿಂಚುತ್ತಿತ್ತು. ನಾಗೇಂದ್ರ ಮಾತ್ರ ಇಳಿದುಹೋಗಿದ್ದ. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಕೊಟ್ಟ.

"ಅಪ್ಪ ಫೋನ್ ಮಾಡಿದ್ದ," ಅಂದಳು. "ನೀನು ಹರವೆ ಚಾವಡಿಲಿ ಎಲ್ರ ಮುಂದೆ ನಿಂತು ನಿಜ ಹೇಳ್ದೆಯಂತೆ."

"ಹೇಳ್ದೆ."

"ಅಪ್ಪ ನಿಂಗೆ ಒಡುದ್ನಾ?"

"ಇಲ್ಲ. ಕೂತ್ಕೊಂಡು ಅತ್ಬುಟ್ರು."

ಅವನು ಬೋರನ ಹಗ್ಗವನ್ನು ಅವಳ ಕೈಗಿತ್ತ.

"ಶಶಿ... ಇನ್ನೊಂದು ಸಲ ಹೂ ಕೇಳ್ಸನಾ?"

"ದೇವ್ರನ್ನ ಬುಡು. ನನ್ನ ಕೇಳು."

ಅವನು ಒಂದು ಹೆಜ್ಜೆ ಮುಂದೆ ಬಂದ. "ನನ್ನ ಮದ್ವೆ ಆಯ್ತೀಯಾ?"

ಹೂಂ ಎನ್ನಲು ಮನಸ್ಸು ಹಾತೊರೆಯಿತು. ಆದರೆ ಆ ಮೂರು ವರ್ಷ ಅಡ್ಡ ನಿಂತಿತ್ತು. ಅವಳು ಬೋರನ ಕಿವಿ ಸವರಿದಳು.

"ಇವನ ಮುಂದಿನ ಸೂಜಿ ಯಾವಾಗ?"

"ಮುಂದಿನ ವರ್ಷ. ಇದೇ ತಿಂಗಳು."

"ಅವತ್ತು ಬಂದು ಹೇಳ್ತೀನಿ. ಅಲ್ಲೀಗಂಟ ನೀನೂ ಕಾಯಿ."

"ಬತ್ತೀಯಾ ಶಶಿ?"

ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಬತ್ತೀನಿ ಅಂದು ಬರದೆ ಇರೋಳು ನಾನಲ್ಲ."