ಬೀರಲಿಂಗಪ್ಪನ ಬಾಯಲ್ಲಿದ್ದ ಮಂಜುಗಡ್ಡೆ

ಬೀರಲಿಂಗಪ್ಪ ಗಾಳಿಯ ವೇಗ ಅಳೆಯುವ ಕಂಬದ ಬುಡದಲ್ಲಿ ಬೋರಲು ಬಿದ್ದಿದ್ದ. ಸಂಶೋಧನಾ ಠಾಣೆಯ ಬಾಗಿಲಿಂದ ಇನ್ನೂರೇ ಹೆಜ್ಜೆ.

ಬೆಳಿಗ್ಗೆ ಹತ್ತು ಗಂಟೆ. ಆದರೂ ಕಗ್ಗತ್ತಲು. 1986ರ ಜೂನ್ ತಿಂಗಳು. ಅಂಟಾರ್ಕ್ಟಿಕಾದಲ್ಲಿ ಆಗ ಸೂರ್ಯ ಹುಟ್ಟುವುದೇ ಇಲ್ಲ.

ರಾತ್ರಿಯಿಡೀ ಬೀಸಿದ ಬಿರುಗಾಳಿ ನಿಂತ ಮೇಲೆ ಟಾರ್ಚ್ ಬಿಟ್ಟು ಮೊದಲು ನೋಡಿದವನು ರೇಡಿಯೋ ಆಪರೇಟರ್ ಮುರುಗೇಶಪ್ಪ, ಸಂತೇಬೆನ್ನೂರಿನವನು. ಸತ್ತವನು ನ್ಯಾಮತಿಯವನು, ಹವಾಮಾನ ನೋಡುವ ಕೆಲಸ. ಜನರೇಟರ್ ನಡೆಸುವ ಕೊಟ್ರಬಸಪ್ಪ ಜಗಳೂರಿನವನು. ಹನ್ನೆರಡು ಜನರ ಠಾಣೆಯಲ್ಲಿ ಕನ್ನಡದವರು ಈ ಮೂವರೇ. ಸೈನ್ಯದ ಒಂದೇ ತುಕಡಿಯಿಂದ ಬಂದವರು.

ಬಾಗಿಲಿಂದ ಕಂಬದವರೆಗೆ ಒಂದು ಹಗ್ಗ. ಬಿರುಗಾಳಿಯಲ್ಲಿ ಅದನ್ನು ಹಿಡಿದೇ ಹೋಗಬೇಕು, ಹಿಡಿದೇ ಬರಬೇಕು. ಬಾಗಿಲ ಕಡೆಯ ಗಂಟು ಬಿಚ್ಚಿಕೊಂಡಿತ್ತು. ಹರಿದಿರಲಿಲ್ಲ. ಯಾರೋ ಬಿಚ್ಚಿದ್ದರು.

ತಾನೇ ಬಿಚ್ಚಿಕೊಂಡು ಹೋಗಿ ಸತ್ತಿದ್ದಾನೆ ಎಂದರು ಠಾಣೆಯ ಮುಖ್ಯಸ್ಥರು. ಒಂದು ತಿಂಗಳಿಂದ ಮಂಕಾಗಿದ್ದನಲ್ಲ, ಆತ್ಮಹತ್ಯೆಯೇ. ತಂತಿಯ ಒಕ್ಕಣೆ ಬರೆದು ಮುರುಗೇಶಪ್ಪನ ಕೈಗೆ ಕೊಟ್ಟರು. ಹನ್ನೆರಡಕ್ಕೆ ಕಳಿಸಬೇಕು. ನ್ಯಾಮತಿಯಲ್ಲಿ ಬೀರಲಿಂಗಪ್ಪನ ತಾಯಿ ಶಂಕರಮ್ಮ ಅದನ್ನು ಯಾರಿಂದಲಾದರೂ ಓದಿಸಿಕೊಳ್ಳುತ್ತಾಳೆ. ಮಗ ಬೇಕೆಂದೇ ಪ್ರಾಣ ಬಿಟ್ಟ ಎಂದು ಕೇಳಿ, ಬದುಕಿರುವಷ್ಟು ದಿನ ಕಾರಣ ಹುಡುಕುತ್ತಾಳೆ.

ಮುರುಗೇಶಪ್ಪ ನಂಬಲಿಲ್ಲ. ನಿಜ ಹುಡುಕಲು ಅವನಿಗೆ ಉಳಿದದ್ದು ಎರಡು ಗಂಟೆ.

* * *

ಹಿಂದಿನ ದಿನ ಗಾಳಿ ಎದ್ದ ಮೇಲೆ ಹೊರಗೆ ಕಾಲಿಟ್ಟವರು, ಬೀರಲಿಂಗಪ್ಪನನ್ನು ಬಿಟ್ಟರೆ, ಇಬ್ಬರೇ. ನೀರಿಗೆ ಹಿಮ ತುಂಬಲು ಹೋದ ಅಡುಗೆಯವನು. ಜನರೇಟರಿನ ಹೊಗೆಕೊಳವೆ ಮೇಲಿನ ಹಿಮ ಕೆರೆಯಲು ಹೋದ ಕೊಟ್ರಬಸಪ್ಪ.

ಅಡುಗೆಯವನಿಗೂ ಸತ್ತವನಿಗೂ ಮೊನ್ನೆ ಕೈಕೈ ಮಿಲಾಯಿಸಿತ್ತು. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಪಾಪ, ಅವನು ಅಳುತ್ತಾ ಕೂತ.

ಮುರುಗೇಶಪ್ಪ ಮತ್ತೆ ಹೆಣದ ಹತ್ತಿರ ಹೋದ. ಅದನ್ನು ಹೊರಳಿಸಿ ಮುಖದ ಮೇಲೆ ಟಾರ್ಚ್ ಬಿಟ್ಟ. ಬಾಯಿ ಅರೆ ತೆರೆದಿತ್ತು. ಒಳಗೆ ಮಂಜುಗಡ್ಡೆ. ಹಿಮದ ಪುಡಿಯಲ್ಲ; ಗಾಜಿನಂಥ ತಿಳಿ ಗಡ್ಡೆ. ಅದರದೇ ಒಂದು ಎಳೆ ಬಾಯಿಯ ಕೊನೆಯಿಂದ ಕಿವಿಯವರೆಗೆ ಹರಿದು ಹೆಪ್ಪುಗಟ್ಟಿತ್ತು.

ಇದೇನೆಂದು ಮುರುಗೇಶಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಜ್ಜ ಹೋಗುವಾಗ ಅವನೇ ಚಮಚ ಹಿಡಿದಿದ್ದ.

* * *

ಊಟದ ಕೋಣೆಯಲ್ಲಿ ಹನ್ನೊಂದು ಜನ. ಮೇಜಿನ ಮೇಲೆ, ಹೊರಗೆ ಹೋಗುವಾಗ ಒಬ್ಬೊಬ್ಬರೂ ಒಯ್ಯುವ ಹನ್ನೊಂದು ಫ್ಲಾಸ್ಕು. ಮುರುಗೇಶಪ್ಪ ಒಂದೊಂದನ್ನೇ ತೆಗೆದು ಮೂಸಿದ. ಹತ್ತರಲ್ಲಿ ಚಹಾದ ವಾಸನೆ. ಒಂದರಲ್ಲಿ ಬರೀ ಬಿಸಿನೀರು.

"ಕೊಟ್ರಣ್ಣ, ನೀನು ಚಾ ಬಿಟ್ಟು ಎಷ್ಟು ವರ್ಷ ಆತು?"

"ಹೊಟ್ಟೆ ಹುಣ್ಣು ಆದಾಗಿಂದ. ನಿಂಗೆ ಗೊತ್ತೈತಲ್ಲ."

"ಗೊತ್ತೈತೆ. ಹೊರಗೆ ಮೈನಸ್ ಮೂವತ್ತೈದು. ಅಲ್ಲಿ ನೀರು ಅನ್ನೋದೇ ಇಲ್ಲ. ಒಳಗಿಂದ ತಗೊಂಡೇ ಹೋಗಬೇಕು."

ಕೊಟ್ರಬಸಪ್ಪ ತನ್ನ ಫ್ಲಾಸ್ಕು ಹತ್ತಿರಕ್ಕೆ ಎಳೆದುಕೊಂಡ.

ಮುರುಗೇಶಪ್ಪ ಮುಖ್ಯಸ್ಥರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ. ನೀರು ಕಿವಿಯ ಕಡೆ ಹರಿದಿದೆ, ಅಂದರೆ ಆಗ ಅವನು ಅಂಗಾತ ಮಲಗಿದ್ದ. ಆಮೇಲೆ ಯಾರೋ ಬೋರಲು ಮಾಡಿದ್ದಾರೆ. ಸಾಯುವವರ ಬಾಯಿಗೆ ಕಡೆಯ ಗುಟುಕು ಬಿಡುವುದು ನಮ್ಮಲ್ಲಿ ಪದ್ಧತಿ. ಬಿಟ್ಟವನು ಜೀವ ಹೋಗುವಾಗ ಪಕ್ಕದಲ್ಲೇ ಇದ್ದ. ಸತ್ತವನ ಫ್ಲಾಸ್ಕಿನಲ್ಲೂ ಅಡುಗೆಯವನ ಫ್ಲಾಸ್ಕಿನಲ್ಲೂ ಚಹಾ. ತಿಳಿನೀರು ಇದ್ದದ್ದು ಒಬ್ಬನ ಹತ್ತಿರ ಮಾತ್ರ.

ಕೊಟ್ರಬಸಪ್ಪ ಮೇಜು ನೋಡುತ್ತಲೇ ಹೇಳಿದ. ಹೋದ ತಿಂಗಳು ಉಗ್ರಾಣ ಸುಟ್ಟದ್ದು ತನ್ನ ಬೀಡಿಯಿಂದ. ಕಂಡಿದ್ದವನು ಬೀರಲಿಂಗಪ್ಪ ಒಬ್ಬನೇ. ಒಳಗೇ ಕುದಿದು ಕುದಿದು, ಇನ್ನು ತಡೆಯಲಾರೆ, ಮುಖ್ಯಸ್ಥರಿಗೆ ಹೇಳುತ್ತೇನೆ ಎಂದಿದ್ದ. ಅವನು ಕಂಬಕ್ಕೆ ಹೋದಾಗ ಇವನು ಹಗ್ಗ ಬಿಚ್ಚಿದ. ಅರ್ಧ ಗಂಟೆ ಆದ ಮೇಲೆ ತಡೆಯಲಾಗದೆ, ಸೊಂಟಕ್ಕೆ ಬೇರೆ ಹಗ್ಗ ಕಟ್ಟಿಕೊಂಡು ಹೋಗಿ ನೋಡಿದ.

"ಇನ್ನಾ ಉಸುರಿತ್ತು. ನನ್ನ ಗುರುತು ಹಿಡಿದ. ನೀರು ಬಿಡದೆ ಬಂದಿದ್ರೆ ಅವರವ್ವನ ಮುಖ ಹೆಂಗೆ ನೋಡ್ಲಿ ಮುರುಗೇಶಿ?"

"ಹೊತ್ಕೊಂಡು ಬಂದಿದ್ರೆ ನೋಡಬಹುದಿತ್ತು, ಕೊಟ್ರಣ್ಣ."

* * *

ಹನ್ನೆರಡಕ್ಕೆ ತಂತಿ ಹೋಯಿತು. ಹಳೆಯ ಒಕ್ಕಣೆ ಹರಿದು ಹಾಕಿದ್ದರು. ಹೊಸದರಲ್ಲಿ ಕೊಲೆ ಎಂದಿತ್ತು, ಯಾರೆಂದೂ ಇತ್ತು.

ಉತ್ತರ ಸಂಜೆಗೆ ಬಂತು. ಹಡಗು ಬರುವುದು ಡಿಸೆಂಬರಿಗೆ. ಅಲ್ಲಿಯವರೆಗೆ ಆರೋಪಿಯನ್ನು ಕೂಡಿಹಾಕಿ.

ಕೂಡಿಹಾಕಿದರು. ಮೂರು ಗಂಟೆ ಕಳೆಯುವಷ್ಟರಲ್ಲಿ ದೀಪ ಮಂಕಾಯಿತು. ಜನರೇಟರ್ ಕೆಮ್ಮಿ ನಿಂತಿತು. ಗೋಡೆಗಳು ತಣ್ಣಗಾಗತೊಡಗಿದವು. ಅದನ್ನು ಎಬ್ಬಿಸಲು ಬರುತ್ತಿದ್ದದ್ದು ಅಲ್ಲಿ ಒಬ್ಬನಿಗೇ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುಖ್ಯಸ್ಥರು ಬೀಗದ ಕೈ ಮುಂದೆ ಹಿಡಿದರು. ಮುರುಗೇಶಪ್ಪ ಅದನ್ನು ತೆಗೆದುಕೊಂಡು ಎದ್ದ.