ಗೋಡೆಯಾಚೆ ಕೇಳಿಸಿದ ಎರಡು ಮಾತು

ನಾಹಿದಾಳ ಫೋನು ಮೇಜಿನ ಮೇಲಿರಲಿಲ್ಲ.

ಚಾರ್ಜರಿನ ವೈರು ಮಾತ್ರ ಅಂಚಿನಿಂದ ಜೋತುಬಿದ್ದಿತ್ತು. ಮಧ್ಯಾಹ್ನ ಊಟಕ್ಕೆ ಏಳುವಾಗ ತಾನೇ ಫೋನನ್ನು ಅದಕ್ಕೆ ಸಿಕ್ಕಿಸಿ ಹೋಗಿದ್ದಳು. ಅಷ್ಟರಲ್ಲಿ ಕೋಣೆಗೆ ಬಂದವರು ಯಾರು?

ಬಾಗಲಕೋಟೆಯ ಕಾಲೇಜೊಂದರ ಅಧ್ಯಾಪಕಿ ನಾಹಿದಾ, ಮೂವರು ವಿದ್ಯಾರ್ಥಿಗಳ ಹೊಣೆ ಹೊತ್ತು ಕೊರಿಯಾದ ಗ್ಯೊಂಗ್ಜು ಊರಿಗೆ ಬಂದಿದ್ದಳು. ಅಲ್ಲಿಯ ಬೇಸಿಗೆ ಭಾಷಾ ಶಿಬಿರದ ನಿಯಮ ಖಡಕ್ಕು— ಎದ್ದಾಗಿನಿಂದ ಮಲಗುವವರೆಗೆ ಕೊರಿಯನ್ ಮಾತ್ರ. ಭಾನುವಾರ ಬಿಟ್ಟರೆ ಮನೆಗೆ ಫೋನಿಲ್ಲ. ಮಾತಿನ ನಿಯಮ ಮುರಿದವರಿಗೆ ಒಂದೇ ಎಚ್ಚರಿಕೆ, ಆಮೇಲೆ ವಾಪಸು ಊರಿಗೆ; ಫೋನಿನದನ್ನು ಮುರಿದವರು ನೇರ ಊರಿಗೆ. ವಿದ್ಯಾರ್ಥಿಗಳ ಫೋನುಗಳೆಲ್ಲ ಶಿಬಿರದ ಮುಖ್ಯಸ್ಥೆ ಹಾನ್ ಮೇಡಂ ಅವರ ಕಪಾಟಿನಲ್ಲಿದ್ದವು. ಊರಿಗೆ ಮಾತಾಡಲು ಹೊರಗೆ ಉಳಿದಿದ್ದ ಫೋನು ನಾಹಿದಾಳದೊಂದೇ. ಪಾಠದ ಹೊತ್ತಿನಲ್ಲಿ ಶಬ್ದದ ಅರ್ಥ ನೋಡಲು ಅವಳೇ ಅದನ್ನು ಕೊಡುತ್ತಿದ್ದರಿಂದ, ತೆರೆಯುವ ಬಗೆ ಮೂವರಿಗೂ ಗೊತ್ತಿತ್ತು.

ಕದ್ದವರ ಸುಳಿವು ಸಿಕ್ಕಿದ್ದು ಅಡುಗೆಮನೆಯಿಂದ. ನಾಹಿದಾಳ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ತೆಳು ಹಲಗೆಯ ಗೋಡೆ.

“ಪಾತ್ರೆ ತೊಳೆಯುತ್ತಿದ್ದೆ,” ಎಂದಳು ಅಡುಗೆಯ ಕಿಮ್ ಅಜ್ಜಿ. “ಆಚೆ ಯಾರೋ ಅಳುತ್ತಿದ್ದರು. ‘ನನಗೆ ನೋಯುತ್ತಿದೆ’ ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು. ಪಾಪ ಅನ್ನಿಸಿತು.”

“ಹೆಣ್ಣು ದನಿಯೋ, ಗಂಡೋ?” ಎಂದು ಕೇಳಿದಳು ನಾಹಿದಾ.

“ಪಿಸುಮಾತು. ಅದರಲ್ಲಿ ಹೇಗೆ ತಿಳಿಯುತ್ತದೆ?”

ಹಾನ್ ಮೇಡಂ ತಡಮಾಡಲಿಲ್ಲ. “ನೋವಿರುವುದು ಒಬ್ಬಳಿಗೇ. ನಿನ್ನೆ ಗುಡ್ಡ ಹತ್ತುವಾಗ ಮುಬಶೀರಾಳ ಕಾಲು ಉಳುಕಿತು. ಕದಿಯುವಾಗಲೂ ಕೊರಿಯನ್ ಮಾತಾಡಿದ್ದಾಳೆ, ಅಷ್ಟು ಸಂತೋಷ. ಆದರೆ ಸಂಜೆಯ ಬಸ್ಸಿಗೆ ಅವಳನ್ನು ಏರಿಸಬೇಕು.”

“ಸಂಜೆಯವರೆಗೆ ನನಗೆ ಸಮಯ ಕೊಡಿ,” ಎಂದಳು ನಾಹಿದಾ.

ಇಳಕಲ್ಲಿನ ಮುಬಶೀರಾ ಪಾದಕ್ಕೆ ಪಟ್ಟಿ ಸುತ್ತಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾಹಿದಾ ಪಕ್ಕದಲ್ಲಿ ಕುಳಿತು, ನಿಯಮ ಬದಿಗಿಟ್ಟು, ಹುನಗುಂದದ ತನ್ನ ಮಾತಿನಲ್ಲೇ ಕೇಳಿದಳು.

“ಖರೆ ಹೇಳು. ನನ್ನ ಖೋಲಿಗೆ ಹೋಗಿದ್ದಿ ಏನು?”

“ಗ್ವಾಡಿ ಹಿಡದು ಒಂದೊಂದ ಹೆಜ್ಜಿ ಇಡಾಕತ್ತೇನ್ರಿ ಮೇಡಂ. ಕದ್ದು ಎಲ್ಲಿ ಓಡ್ಲಿ?”

“ಅಜ್ಜಿ ಕೇಳ್ಯಾಳ. ನೋವಂತ ಅತ್ತಾರ ಯಾರೋ.”

“ನಿನ್ನಿ ಕಾಲು ಉಳುಕಿದಾಗ ನಾ ಏನಂದೆ? ನೀವ ಇದ್ರಿ ಅಲ್ಲಿ. ಯಾ ಅಲ್ಲಾ ಅಂದೆ, ಅಮ್ಮೀ ಅಂದೆ.” ಮುಬಶೀರಾ ಕಣ್ಣೊರೆಸಿಕೊಂಡಳು. “ಕೊರಿಯನ್‌ದಾಗ ಅಳಾಕ ನನಗಿನ್ನೂ ಬರೂದಿಲ್ರಿ.”

ನಾಹಿದಾ ಎದ್ದವಳು ಹಾಗೆಯೇ ನಿಂತಳು. ಕಲಿತ ಭಾಷೆ ನೋವಿನಲ್ಲಿ ಯಾರ ಬಾಯಿಗೆ ಬರುತ್ತದೆ? ಆದರೆ ಅಜ್ಜಿ ಸುಳ್ಳು ಹೇಳುವವಳಲ್ಲ.

ನೇರ ಅಡುಗೆಮನೆಗೆ ಹೋದಳು. ಅಜ್ಜಿಯ ಕಿವಿಯ ಬಳಿ ಬಾಗಿ ಏನೋ ಕೇಳಿದಳು. ಅಜ್ಜಿ ಉತ್ತರ ಹೇಳಿದಳು. ನಾಹಿದಾ ಅಲ್ಲಿಂದಲೇ ಹುಡುಗರನ್ನು ಹುಡುಕಿ ಹೊರಟಳು.

ಬಾಗಲಕೋಟೆಯ ಶಿರೀಷ ವರಾಂಡದಲ್ಲಿ ಸಿಕ್ಕ.

“ಊಟ ಆದಮ್ಯಾಲ ಎಲ್ಲಿದ್ದಿ?”

“ಕ್ಲಾಸಿನಾಗ ಇದ್ದೆ ಮೇಡಂ. ನಾಳೆ ಪರೀಕ್ಷಾ ಅದ ಅಲ್ಲರಿ?”

“ಯಾರರ ನೋಡ್ಯಾರೇನು?”

“ಇಲ್ಲರಿ. ಒಬ್ಬನ ಇದ್ದೆ.”

“ಇರಲಿ. ಮನ್ಯಾಗ ನಿಮ್ಮ ತಂದೀಗೆ ಏನಂತ ಕರೀತಿ?”

ಶಿರೀಷ ಕಣ್ಣರಳಿಸಿದ. “ದಾದಾ ಅಂತೀವ್ರಿ. ಯಾಕ್ರಿ?”

ನಾಹಿದಾ ಊಟದ ಹಾಲಿನ ಕಡೆ ನಡೆದಳು.

ಬಾದಾಮಿಯ ಲಕ್ಷ್ಮಣ ಊಟದ ಹಾಲಿನಲ್ಲಿ ಮೇಜು ಒರೆಸುತ್ತಿದ್ದ. ಎಡಗೈಯಲ್ಲಿ ಮಾತ್ರ. ಬಲಗೈ ಪ್ಯಾಂಟಿನ ಜೇಬಿನಿಂದ ಹೊರಗೆ ಬರಲಿಲ್ಲ. ಕನ್ನಡ ಮಾತಾಡಿ ಸಿಕ್ಕಿಬಿದ್ದು ಅವನು ಆಗಲೇ ಎಚ್ಚರಿಕೆ ಕೇಳಿಸಿಕೊಂಡಿದ್ದ. ಇನ್ನೊಮ್ಮೆ ಸಿಕ್ಕರೆ ಊರೇ ಗತಿ.

“ಲಕ್ಷ್ಮಣ, ಫೋನ್ ನೋಡಿದಿ ಏನು?”

“ಗೊತ್ತಿಲ್ಲ,” ಎಂದ ಕೊರಿಯನ್‌ನಲ್ಲಿ.

“ಕನ್ನಡದಾಗ ಹೇಳು. ನಾ ಏನೂ ಅನ್ನೂದಿಲ್ಲ.”

ಅವನು ಮುಂದಿನ ಮೇಜಿಗೆ ಸರಿದ.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ನಾಹಿದಾ ಎಲ್ಲರನ್ನೂ ಅದೇ ಹಾಲಿಗೆ ಕರೆದಳು. ಮುಬಶೀರಾಳ ಚೀಲ ಬಾಗಿಲಲ್ಲಿ ಸಿದ್ಧವಾಗಿತ್ತು.

“ಅಜ್ಜಿ,” ಎಂದಳು ನಾಹಿದಾ ಕೊರಿಯನ್‌ನಲ್ಲಿ, “ನೀವು ಕೇಳಿದ್ದರ ಅರ್ಥವನ್ನು ಎಲ್ಲರಿಗೂ ಹೇಳಿದಿರಿ. ಈಗ ಕಿವಿಗೆ ಬಿದ್ದ ಸದ್ದನ್ನಷ್ಟೇ ಹೇಳಿ.”

“ನಾ… ಅಪಾ.”

“ಕೊರಿಯನ್‌ನಲ್ಲಿ ‘ನಾ’ ಅಂದರೆ ನಾನು. ‘ಅಪಾ’ ಅಂದರೆ ನೋಯುತ್ತಿದೆ. ಸರಿಯಾಗೇ ಕೇಳಿಸಿಕೊಂಡಿರಿ. ಆದರೆ ಆ ಮಾತು ಕೊರಿಯನ್ ಅಲ್ಲ. ನಮ್ಮ ಕಡೆಯೂ ‘ನಾ’ ಅಂದರೆ ನಾನೇ. ‘ನಾ, ಅಪ್ಪಾ’— ಮಾತಾಡುತ್ತಿರುವುದು ನಾನು, ಅಪ್ಪ. ಮಗ ಫೋನಿನಲ್ಲಿ ತಂದೆಗೆ ಮೊದಲು ಹೇಳುವ ಮಾತು ಅದು.”

ಹಾನ್ ಮೇಡಂ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. “ನಾವೂ ತಂದೆಯನ್ನು ಅಪ್ಪಾ ಎಂದೇ ಕರೆಯುವುದು.”

“ಹೌದು.”

ಎಷ್ಟು ಸಮುದ್ರ ದಾಟಿ ಬಂದಿದ್ದರು ಅವರು, ಅಪ್ಪನೆಂಬ ಮಾತು ಅವರಿಗಿಂತ ಮೊದಲೇ ಇಲ್ಲಿಗೆ ಬಂದು ಕುಳಿತಿತ್ತು. ಅಜ್ಜಿ ಆ ಎರಡು ಮಾತನ್ನು ತುಟಿಯಲ್ಲೇ ಹೇಳಿ ನೋಡಿಕೊಂಡಳು.

“ಹಾಗಾದರೆ ನನಗೇಕೆ ಅಪ್ಪ ಎಂದು ಕೇಳಿಸಲಿಲ್ಲ?” ಎಂದಳು.

“ನಿಮ್ಮ ಭಾಷೆಯಲ್ಲಿ ಅದು ‘ನಾನು ಅಪ್ಪ’ ಎಂದಾಗುತ್ತದೆ, ಹಾಗೆಂದು ಯಾರು ಅಳುತ್ತಾರೆ ಅಜ್ಜಿ? ದನಿಯಲ್ಲಿ ಅಳುವಿತ್ತು. ಅದಕ್ಕೇ ಕಿವಿ ನೋವನ್ನು ಆರಿಸಿಕೊಂಡಿತು. ನನಗೂ ಹೊಳೆಯಲಿಲ್ಲ. ಹುನಗುಂದದ ನಮ್ಮ ಮನೆಯಲ್ಲಿ ನಾನು ಅಬ್ಬಾ ಎನ್ನುವವಳು. ಇಳಕಲ್ಲಿನ ಮುಬಶೀರಾಳಿಗೂ ತಂದೆ ಅಬ್ಬಾ. ಶಿರೀಷನಿಗೆ ದಾದಾ.” ನಾಹಿದಾ ತಿರುಗಿ, ಕನ್ನಡದಲ್ಲಿ ಮೆಲ್ಲಗೆ ಹೇಳಿದಳು, “ಅಪ್ಪಾ ಅನ್ನಾಂವ ನೀ ಒಬ್ಬನ, ಲಕ್ಷ್ಮಣ.”

ಲಕ್ಷ್ಮಣ ಜೇಬಿನಿಂದ ಕೈ ತೆಗೆದ. ಅಂಗೈಯಲ್ಲಿ ಫೋನಿತ್ತು.

“ಖರೆ ಐತ್ರಿ. ಕ್ವಾರಿಯೊಳಗ ಕಲ್ಲು ಒಡಿಯಾಗ ಅಪ್ಪನ ಕಣ್ಣಿಗೆ ಚೂರು ಹೊಕ್ಕೈತ್ರಿ. ಇನ್ನೊಂದು ಕಣ್ಣು ಅಪ್ಪ ಸಣ್ಣಂವ ಇದ್ದಾಗ ಹೋಗೇತಿ. ಇವತ್ತ ಬಾಗಲಕೋಟಿ ದವಾಖಾನ್ಯಾಗ ಆಪರೇಶನ್. ನಿನ್ನ ದನಿ ಕೇಳಿ ಒಳಗ ಹೋಗ್ತೇನಿ, ಇಲ್ಲಂದ್ರ ಹೋಗೂದಿಲ್ಲ ಅಂತ ಭಾನುವಾರ ಅಂದಿದ್ದ.”

“ನನ್ನ ಕೇಳಬಾರದಿತ್ತೇನು?”

“ಕನ್ನಡದಾಗ ಕೇಳಿದ್ರ ಊರಿಗೆ ಕಳಸ್ತಿದ್ರು. ಕೊರಿಯನ್‌ದಾಗ ಕಣ್ಣು ಅನ್ನಾಕ ಬರತಿತ್ತು, ಅಪ್ಪ ಅನ್ನಾಕ ಬರತಿತ್ತು. ಅಂಜಿಕಿ ಆಗೇತಿ ಅನ್ನಾಕ ಬರಲಿಲ್ರಿ.”

“ಮಾತಾಡಿದ ಮ್ಯಾಲ ಹೊಳ್ಳಿ ಇಡಬೇಕಿತ್ತು.”

“ಡಾಕ್ಟರ್ ಹೊರಗ ಬಂದಮ್ಯಾಲ ಅವ್ವ ಫೋನ್ ಮಾಡ್ತೇನಿ ಅಂದಾಳ್ರಿ. ಇನ್ನೂ ಮಾಡಿಲ್ಲ.” ಅವನು ಮುಬಶೀರಾಳತ್ತ ನೋಡಲಾರದೆ ನೆಲ ನೋಡಿದ. “ನಿನ್ನ ಹೆಸರು ಬಂದಾಗ ಎದ್ದು ನಿಲ್ಲಬೇಕಂದೆ ತಂಗಿ. ನಿಂತ್ರ ಫೋನ್ ಕಸಗೋತಾರಂತ ಕುಂತೆ.”

ಮುಬಶೀರಾ ತನ್ನ ಪಕ್ಕದ ಕುರ್ಚಿಯನ್ನು ಅವನತ್ತ ಸರಿಸಿದಳು. “ಕುಂಡ್ರು ಮೊದಲ,” ಎಂದಳು.

ನಾಹಿದಾ ಎಲ್ಲವನ್ನೂ ಕೊರಿಯನ್‌ನಲ್ಲಿ ತಿಳಿಸಿದಳು. ಹಾನ್ ಮೇಡಂ ಲಕ್ಷ್ಮಣನ ಅಂಗೈಯಿಂದ ಫೋನು ತೆಗೆದುಕೊಂಡರು. ಆಮೇಲೆ ಅದನ್ನು ಅವನ ಮುಂದೆಯೇ ಮೇಜಿನ ಮೇಲೆ ಇಟ್ಟರು. ತಾವೂ ಕುಳಿತರು. ಸಂಜೆಯ ಪಾಠಕ್ಕೆ ಯಾರೂ ಏಳಲಿಲ್ಲ. ಬಸ್ಸು ಬಂತು, ಹೋಯಿತು. ಅಜ್ಜಿ ಎಲ್ಲರಿಗೂ ಬಾರ್ಲಿ ಚಹಾ ತಂದಿಟ್ಟಳು, ಅದು ತಣ್ಣಗಾಯಿತು.

ಫೋನು ಮೇಜಿನ ಮೇಲೆ ನಡುಗಿತು.

“ಮಾತಾಡು,” ಎಂದರು ಹಾನ್ ಮೇಡಂ. “ನಿನ್ನ ಭಾಷೆಯಲ್ಲಿ.”

ಲಕ್ಷ್ಮಣ ಸ್ಪೀಕರ್ ಒತ್ತಿದ. ಮೊದಲು ಅವನ ಅವ್ವನ ದನಿ ಬಂತು. “ಛಲೋ ಆಗೇತಂತಪಾ. ಕಣ್ಣು ಉಳೀತಂತ.” ಆಮೇಲೆ ಗೊಗ್ಗರು ದನಿಯೊಂದು, ಅವನ ಅಪ್ಪ ಬೀರಲಿಂಗನದು.

“ಪಟ್ಟಿ ಕಟ್ಯಾರೋ. ಕತ್ತಲಿ ಐತಿ. ನೀ ನೋಡಿ ಹೇಳು, ಅಲ್ಲಿ ಏನ ಕಾಣಸ್ತತಿ?”

ಲಕ್ಷ್ಮಣ ಫೋನು ಹಿಡಿದು ಕಿಟಕಿಯ ಬಳಿ ಹೋದ. ಹೊರಗೆ ಊರಿನ ನಟ್ಟನಡುವೆ, ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ರಾಜರ ಗೋರಿಗಳು ಸಂಜೆಬಿಸಿಲಿಗೆ ದುಂಡಗೆ ನಿಂತಿದ್ದವು. ಮನೆಗಳಿಗಿಂತ ಎತ್ತರ, ತುದಿಯವರೆಗೆ ಹಸಿರು.

“ಗುಡ್ಡ ಅದಾವ ಅಪ್ಪಾ. ಮಣ್ಣಾಗ ಮಾಡಿದ ಗುಡ್ಡ. ಒಳಗ ರಾಜರು ಮಲಗ್ಯಾರ.”

“ಕಲ್ಲು?”

“ಒಂದೂ ಕಾಣಸೂದಿಲ್ಲ. ಬರೇ ಹುಲ್ಲು.”

ಫೋನಿನಾಚೆ ಬಾದಾಮಿಯ ಕಲ್ಲುಕುಟಿಗ ಉಸಿರೆಳೆದುಕೊಂಡದ್ದು ಹಾಲಿಗೆಲ್ಲ ಕೇಳಿಸಿತು.

“ಸಾವಕಾಶ ಹೇಳು,” ಎಂದ ಅವನು. “ಒಂದೊಂದ ಗುಡ್ಡ ಹೇಳು.”