ಕೊಂಬಿನ ಹಿಡಿಯ ಚಾಕು

"ಕೈಗೆ ಕೊಡಲ್ಲ ಗುರು. ದೂರದಿಂದ ನೋಡು, ಸಾಕು," ಎಂದ ಖುರ್ಷೀದ್.

ಉದಯಕುಮಾರ ಗಹಗಹಿಸಿ ನಕ್ಕ. "ನಮ್ಮ ಹುಬ್ಬಳ್ಳಿ ಅಜ್ಜಿನೂ ಹಿಂಗ ಅಂತಿದ್ಲಪಾ. ಉಪ್ಪು, ಮೆಣಸಿನಕಾಯಿ, ಚಾಕು ಕೈಯಿಂದ ಕೈಗೆ ಕೊಡಬಾರ್ದು, ಕೆಳಗಿಟ್ಟು ತಗೋಬೇಕು ಅಂತ. ಜರ್ಮನಿಗೆ ಬಂದ್ರೂ ಅಜ್ಜಿ ಬೆನ್ನು ಬಿಡವಲ್ಲಳಲ್ಲ!"

ಖುರ್ಷೀದ್ ನಗಲಿಲ್ಲ. ಬೊಬ್ಲಿಂಗೆನ್‌ನ ಒಂದೇ ಕಂಪನಿಯಲ್ಲಿ ಇಬ್ಬರೂ ಎಂಜಿನಿಯರುಗಳು, ಇಬ್ಬರಿಗೂ ಇಟಲಿಯ ಗುಂಡಿಚಾಕುಗಳ ಹುಚ್ಚು. ಗುಂಡಿ ಒತ್ತಿದರೆ ಹಿಡಿಯ ಪಕ್ಕದಿಂದ ಸಪೂರವಾದ ಅಲಗು ಚಿಮ್ಮಿ ನಿಲ್ಲುವ ಚಾಕುಗಳು. ಉದಯಕುಮಾರನ ಹುಚ್ಚು ಒಂದು ವರ್ಷದ್ದು, ಚಿತ್ರದುರ್ಗದ ಖುರ್ಷೀದನದು ಹನ್ನೆರಡು ವರ್ಷದ್ದು. ಆದರೆ ಎರಡು ವರ್ಷದಿಂದ ಖುರ್ಷೀದ್ ವಿಚಿತ್ರವಾಗಿದ್ದ. ಹೆಂಡತಿ ರುಕ್ಸಾರಳನ್ನು ಊರಿಗೆ ಕಳಿಸಿ ಒಬ್ಬನೇ ಇದ್ದ. ಸುಡುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ, ಕುತ್ತಿಗೆಗೆ ಮಫ್ಲರ್.

ಇಂಥ ಚಾಕುಗಳಿಗೆ ಕಾನೂನು ಬಿಗಿಯಾಗುತ್ತದೆಂಬ ಸುದ್ದಿ ಹಬ್ಬಿ ಬೆಲೆಗಳು ಇಳಿದಿದ್ದ ಕಾಲ. ಖುರ್ಷೀದ್ ತನ್ನ ಸಂಗ್ರಹವನ್ನೆಲ್ಲ ಮಾರುತ್ತಿದ್ದ. ಮೇಜಿನ ಮೇಲೆ ಹದಿನಾಲ್ಕು ಚಾಕು ಹರಡಿದ್ದವು. ಉದಯಕುಮಾರನ ಕಣ್ಣು ಮಾತ್ರ ಹದಿನೈದನೆಯದರ ಮೇಲಿತ್ತು. ಖುರ್ಷೀದನ ಜೇಬಿನಿಂದ ಇಣುಕಿದ್ದ, ಕಪ್ಪು ಕೊಂಬಿನ ಹಿಡಿಯ, ಹಳೆಯ ಕೈಕೆಲಸದ ಚಾಕು. ಕಾಡಿಸಿ ಪೀಡಿಸಿ ಅದನ್ನು ಹೊರಗೆ ತೆಗೆಸಿದ್ದ.

"ಇದಕ್ಕೆ ಮಾಟ ಮಾಡ್ಸಿದಾರೆ," ಖುರ್ಷೀದನ ದನಿ ಕೆಳಗಿಳಿಯಿತು. "ಕಲೋನ್ ಹತ್ರ ಹಳೇ ಸಾಮಾನಿನ ಸಂತೇಲಿ ಒಬ್ಬ ಇಟಲಿ ಮುದುಕ ನನ್ನ ಕೈಗಿಟ್ಟು ಅತ್ತುಬಿಟ್ಟ. ಯಾಕಂತ ಆಮೇಲೆ ಗೊತ್ತಾಯ್ತು. ಅಲಗು ಒಂದು ಸಲ ತೆರೆದ್ರೆ ಹಿಡಿದೋನ ಮೈಮೇಲೆ ಒಂದು ಗೆರೆ. ನಾವು ಸುಮ್ನಿದ್ರೂ ತಿಂಗಳಿಗೊಂದು ಸಲ ತಾನೇ ತೆರೆಯುತ್ತೆ. ಗೆರೆ ಗಂಟಲು ಮುಟ್ಟಿದ್ರೆ ಮುಗೀತು. ನದೀಗೆ ಎಸೆದೆ, ಬಂತು. ಇನ್ನೊಬ್ರು ನಮ್ಮ ಕೈಯಿಂದ ಇಸ್ಕೊಂಡ್ರೆ ಮಾತ್ರ ಹೋಗುತ್ತೆ. ಅದಕ್ಕೇ ರುಕ್ಸಾರ್‌ನ ಕಳಿಸ್ದೆ. ಅವಳು ಇಲ್ಲಿದ್ರೆ ಇಸ್ಕೊಳ್ದೆ ಬಿಡ್ತಿರಲಿಲ್ಲ. ಇದು ನನ್ನ ಜೊತೇಲೇ ಮುಗೀಲಿ."

"ಬೆಲೆ ಏರ್ಸಾಕ ಚಲೋ ಕತಿ," ಎಂದವನೇ ಉದಯಕುಮಾರ ಕೈಚಾಚಿ ಚಾಕುವನ್ನು ಕಿತ್ತುಕೊಂಡ.

ಖುರ್ಷೀದ್ ತನ್ನ ಖಾಲಿ ಅಂಗೈಯನ್ನೇ ನೋಡಿದ. ಬೆರಳು ಮಡಿಸಿದ, ಬಿಚ್ಚಿದ. ಆಮೇಲೆ ಕುರ್ಚಿಗೆ ಕುಸಿದು ಮಗುವಿನ ಹಾಗೆ ಅಳತೊಡಗಿದ. ದುಡ್ಡು ಕೊಟ್ಟರೆ ಮುಟ್ಟಲೂ ಇಲ್ಲ. "ಗುಂಡಿ ಒತ್ತಬೇಡ ಉದಯ. ನಿನ್ನ ಕಾಲಿಗೆ ಬೀಳ್ತೀನಿ, ನಿನ್ನ ಹೆಂಡ್ತಿ ಕೈಗೆ ಮಾತ್ರ ಕೊಡಬೇಡ," ಎಂದಷ್ಟೇ ಬಾಗಿಲವರೆಗೂ ಹೇಳುತ್ತ ಬಂದ. ಉದಯಕುಮಾರನ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು.

ಅವನು ಕಂಪನಿಯಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವವನು. ಚಾಕುಗಳಿಗೂ ಅವನದೊಂದು ಎಕ್ಸೆಲ್ ಪಟ್ಟಿಯಿತ್ತು. ಅರವತ್ತು ಯೂರೋದ ಹೊಸ ಚಾಕುವಿಗೆ ಪ್ಲಾಸ್ಟಿಕ್ ಹಿಡಿ, ತೆರೆದ ಮೇಲೂ ಅಲಗು ಅಲುಗುತ್ತದೆ. ಇನ್ನೂರೆಂಬತ್ತರದಕ್ಕೆ ಕೊಂಬಿನ ಹಿಡಿ, ಆದರೆ ಮಡಚಿದಾಗ ಅಲಗು ಕೂದಲೆಳೆಯಷ್ಟು ಎಡಕ್ಕೆ ವಾಲುತ್ತದೆ. ಗುಣ ಏರಿದಷ್ಟೂ ಬೆಲೆ ಏರಬೇಕು. ಗ್ರಾಫಿನಲ್ಲಿ ಎಲ್ಲವೂ ಒಂದೇ ಗೆರೆಯ ಮೇಲೆ ಕೂರಬೇಕು. ಈ ಚಾಕುವಿನಲ್ಲಿ ಒಂದೇ ಒಂದು ದೋಷವಿಲ್ಲ, ಬೆಲೆ ಸೊನ್ನೆ! ಅವನಿಗೆ ಹೆದರಿಕೆ ಹುಟ್ಟಬೇಕಾದದ್ದು ಅಲ್ಲೇ. ಹುಟ್ಟಿದ್ದು ಹಿಗ್ಗು.

ಮರುದಿನ ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ ಅವನು ಕೆಲ್ಲರಿಗೆ ಇಳಿದ. ಆ ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಮರದ ಪಟ್ಟಿಗಳ ಒಂದೊಂದು ಗೂಡು. ಹೆಂಡತಿ ಮೇಘಾ ಚಾಕುಗಳನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲವಾಗಿ ಅವನ ಸಂಗ್ರಹವೆಲ್ಲ ಅಲ್ಲೇ. ತೇವದ ಸಿಮೆಂಟು, ಮೊಳೆತ ಆಲೂಗಡ್ಡೆ, ಹಳೇ ಟೈರುಗಳ ವಾಸನೆ. ಕಬ್ಬಿಣದ ಬಾಗಿಲು ಅವನ ಬೆನ್ನ ಹಿಂದೆ ತಾನೇ ಮುಚ್ಚಿಕೊಂಡಿತು. ಅಲ್ಲಿಯ ದೀಪ ಎರಡು ನಿಮಿಷಕ್ಕೆ ತಾನಾಗಿ ಆರುವಂಥದು.

ಮೂರು ಚಾಕುಗಳನ್ನು ಸಾಲಾಗಿಟ್ಟ. ಒಂದೊಂದನ್ನೂ ಹತ್ತತ್ತು ಸಲ ತೆರೆದು ಸದ್ದು ಕೇಳುವುದು ಅವನ ಪದ್ಧತಿ. ಅಗ್ಗದ್ದು ಚಟಚಟ ಎಂದಿತು. ಇನ್ನೊಂದರ ಸದ್ದಿನ ಬಾಲಕ್ಕೆ ಸ್ಪ್ರಿಂಗಿನ ಕೊರಗು ಅಂಟಿತ್ತು. ಕೊಂಬಿನ ಹಿಡಿಯದನ್ನು ಎತ್ತಿಕೊಳ್ಳುವಷ್ಟರಲ್ಲಿ ದೀಪ ಆರಿತು. ಇರಲಿ, ಕತ್ತಲಲ್ಲಿ ಕಿವಿ ಚುರುಕು ಎಂದುಕೊಂಡ.

ಟಕ್.

ಆಹಾ! ಬಾಗಿಲ ಚಿಲಕ ಬಿದ್ದಂತೆ ಶುದ್ಧವಾದ ಸದ್ದು. ಮಡಚಿದ. ಟಕ್. ಮತ್ತೆ ಟಕ್. ಹತ್ತಕ್ಕೆ ನಿಲ್ಲಿಸಬೇಕಿತ್ತು, ಮನಸ್ಸಾಗಲಿಲ್ಲ. ಇಪ್ಪತ್ತಾಯಿತು, ಮೂವತ್ತಾಯಿತು. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ ಬಂತು. ಮುಂಗೈ ಒದ್ದೆಯಾದಂತಿತ್ತು. ಮೇಲಿನ ಪೈಪು ಸೋರುತ್ತಿರಬೇಕು ಎಂದುಕೊಂಡು ಎಡಗೈಯಿಂದ ತಡವಿ ದೀಪದ ಗುಂಡಿ ಒತ್ತಿದ.

ಬಲಗೈಯ ಮಣಿಕಟ್ಟಿನಿಂದ ಮೊಣಕೈಯವರೆಗೆ ಗೆರೆಗಳು. ಕೂದಲೆಳೆಯಂಥ, ಒಂದರ ಪಕ್ಕ ಒಂದು, ಅಳತೆಪಟ್ಟಿ ಇಟ್ಟು ಎಳೆದಂಥ ಗೆರೆಗಳು. ಎಲ್ಲದರಿಂದಲೂ ರಕ್ತ ಜಿನುಗುತ್ತಿತ್ತು. ನೋವೇ ಇರಲಿಲ್ಲ.

ಚಾಕು ಎಸೆಯಲು ಕೈ ಜಾಡಿಸಿದ. ಬೆರಳು ಬಿಚ್ಚಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳು ಎಳೆದ. ಕೊಂಬು ಬೆಚ್ಚಗಿತ್ತು, ಒಳಗೆ ಏನೋ ಮಿಡಿಯುತ್ತಿತ್ತು. ಬಾಗಿಲಿಗೆ ಓಡಿ ಹಿಡಿಕೆ ತಿರುಗಿಸಿದ. ಹಿಡಿಕೆ ತಿರುಗಿತು, ಬಾಗಿಲು ಕದಲಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಕಿರುಚಿದ, ಬಾಗಿಲಿಗೆ ಒದ್ದ. ಭಾನುವಾರ ಸದ್ದು ಮಾಡಬಾರದೆಂಬ ನಿಯಮದ ಕಟ್ಟಡ. ಮೇಲೆ ಎಲ್ಲರೂ ಕಿಟಕಿ ಮುಚ್ಚಿ ಮಲಗಿರುವ ಹೊತ್ತು.

ದೀಪ ಆರಿತು.

ಟಕ್.

ಅವನು ಗುಂಡಿ ಒತ್ತಿರಲಿಲ್ಲ. ಖುರ್ಷೀದ್ ಹೇಳಿದ್ದು ತಿಂಗಳಿಗೊಂದು ಸಲ. ಆದರೆ ಅವನು ಒಂದೇ ಸಮನೆ ಮೂವತ್ತು ಸಲ ತೆರೆದು ಅದಕ್ಕೆ ರುಚಿ ಹತ್ತಿಸಿದ್ದ. ಟಕ್. ಮೊಣಕೈ ದಾಟಿತು. ಟಕ್. ತೋಳು. ಗೋಡೆ ತಡವಿದ, ದೀಪದ ಗುಂಡಿ ಸಿಗಲಿಲ್ಲ. ಟಕ್. ಗೂಡಿನ ಮರದ ಪಟ್ಟಿಗಳು ಬೆನ್ನಿಗೆ ಒತ್ತಿದವು. ಟಕ್. ಹೆಗಲು. ಟಕ್. ಕತ್ತಿನ ಕೆಳಗಿನ ಎಲುಬು. ಬಿಸಿ ರಕ್ತ ಎದೆಗೆ ಇಳಿಯಿತು.

ಹೊರಗೆ ಹೆಜ್ಜೆ ಸಪ್ಪಳ. ಬಾಗಿಲು ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತು.

"ಎಷ್ಟೊತ್ತರೀ? ಚಹಾ ಆರಿ ಹೋತು," ಎನ್ನುತ್ತ ಮೇಘಾ ದೀಪ ಹಾಕಿದಳು. ಅವನನ್ನು ನೋಡಿ ಬಾಯಿಗೆ ಕೈ ಒತ್ತಿಕೊಂಡಳು. "ಅಯ್ಯ ಶಿವನ! ಏನ್ ಮಾಡ್ಕೊಂಡ್ರೀ ಇದು? ಕೊಡ್ರಿ ಇಲ್ಲೆ. ಮದಲ ಆ ಚಾಕು ನನ್ನ ಕೈಗೆ ಕೊಡ್ರಿ!"

ಅವಳು ಕೈ ಚಾಚಿದಳು. ಬೆರಳುಗಳಿಗೆ ಕಡಲೆಹಿಟ್ಟು ಮೆತ್ತಿತ್ತು. ಅವನಿಗೆಂದೇ ಮಿರ್ಚಿ ಕರಿಯುತ್ತಿದ್ದವಳು ಹಾಗೇ ಇಳಿದು ಬಂದಿದ್ದಳು.

ಬೇಡ ಎಂದರೆ ಸಾಕಿತ್ತು. ಅವಳು ನಿಲ್ಲುತ್ತಿದ್ದಳು. ಖುರ್ಷೀದ್ ಎರಡು ವರ್ಷ ಒಬ್ಬನೇ ಕೂತು ತಡೆದದ್ದು ಇದನ್ನೇ. ಉದಯಕುಮಾರನಿಗೆ ಅದೆಲ್ಲ ನೆನಪಾಯಿತು. ಗಂಟಲ ಬುಡದಲ್ಲಿ ತಣ್ಣಗೆ ಏನೋ ಸೋಕಿತು. ಅವನು ಬಾಯಿ ತೆರೆಯಲಿಲ್ಲ. ಕೈಯನ್ನು ಒಂದಿಷ್ಟು ಮುಂದಕ್ಕೇ ಚಾಚಿದ.

ಮೇಘಾ ಚಾಕು ಕಿತ್ತುಕೊಂಡಳು. ಅವನ ಬೆರಳುಗಳು ಸಡಿಲವಾಗಿ ಬಿಚ್ಚಿಕೊಂಡವು. ರಕ್ತ ನಿಂತಿತು. ಅವನು ಗಂಟಲು ಮುಟ್ಟಿ ನೋಡಿಕೊಂಡು, ನಾಚಿಕೆಯಿಲ್ಲದೆ, ಎದೆತುಂಬ ಉಸಿರೆಳೆದ.

ಟಕ್.

"ರೀ," ಮೇಘಾ ತನ್ನ ಮುಷ್ಟಿಯನ್ನೇ ದಿಟ್ಟಿಸುತ್ತಿದ್ದಳು. ಮಣಿಕಟ್ಟಿನ ಮೇಲೆ, ಬಳೆಗಳ ಕೆಳಗೆ, ಸಣ್ಣದೊಂದು ಕೆಂಪು ಗೆರೆ ಮೂಡುತ್ತಿತ್ತು. "ಇದು ಕೈ ಬಿಡವಲ್ದು. ನೀವಾ ಹಿಡೀರಿ. ಲಗೂನ ಹಿಡೀರಿ, ಅಂಜಿಕಿ ಆಗಾಕತ್ತೈತಿ."

ಅವಳು ಮುಷ್ಟಿಯನ್ನು ಅವನತ್ತ ಚಾಚಿದಳು. ಉದಯಕುಮಾರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದ.